ಹೊಸ ಸರ್ವರ್, ಮುಗಿಯದ ರಾತ್ರಿ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಉಪನೋಂದಣಿ ಕಚೇರಿಯಿಂದ ನ್ಯಾಯಬೆಲೆ ಅಂಗಡಿಯವರೆಗೆ ಈ ಮಾತನ್ನು ಕೇಳದವರು ವಿರಳ. ಯಂತ್ರ ಹಳೆಯದಾಗಿದೆ, ಹೊಸದು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನವೂ ಅದರ ಬೆನ್ನಿಗೇ ಬರುತ್ತದೆ. ಆದರೆ ಹೊಸ ಯಂತ್ರ ಬಂದ ಮೇಲೆಯೇ ಕೆಲಸ ನಿಧಾನವಾದರೆ? ಬ್ಯಾಂಕೊಂದರ ಗಣಕ ವಿಭಾಗದಲ್ಲಿ ಹಲವು ವರ್ಷ ರಾತ್ರಿ ಪಾಳಿ ಮಾಡಿದ ನನಗೆ ಇದು ಬರೀ ತಾಂತ್ರಿಕ ಪ್ರಶ್ನೆಯೆಂದು ಅನ್ನಿಸುವುದಿಲ್ಲ.

ಶಾಖೆಯ ಬಾಗಿಲು ಮುಚ್ಚಿದ ಮೇಲೆ ಬ್ಯಾಂಕಿನ ಇನ್ನೊಂದು ದಿನಚರಿ ಆರಂಭವಾಗುತ್ತದೆ. ಬಡ್ಡಿಯ ಲೆಕ್ಕ, ಪಿಂಚಣಿ ಮತ್ತು ಸಂಬಳದ ಜಮೆ, ಸಾಲದ ಕಂತಿನ ಕಡಿತ, ದಿನದ ಲೆಕ್ಕದ ತಾಳೆ. ಲಕ್ಷಾಂತರ ಖಾತೆಗಳನ್ನು ಸಾಲಾಗಿ ತೆಗೆದುಕೊಂಡು ಒಟ್ಟಿಗೆ ಮುಗಿಸುವ ಈ ಕೆಲಸಕ್ಕೆ ಬ್ಯಾಚ್ ಪ್ರಕ್ರಿಯೆ ಎಂದು ಹೆಸರು. ಇದೊಂದು ಸರಪಳಿ, ಒಂದು ಕೊಂಡಿ ತಡವಾದರೆ ಮುಂದಿನದೆಲ್ಲ ಕಾಯಬೇಕು.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಸರ್ವರ್ ಬದಲಾಯಿತು. ಪೂಜೆಯಾಯಿತು, ಸಿಹಿ ಹಂಚಿದ್ದಾಯಿತು. ಆದರೆ ಮೊದಲ ತಿಂಗಳ ಕೊನೆಯ ರಾತ್ರಿ, ಮೂರು ಗಂಟೆಗಳಲ್ಲಿ ಮುಗಿಯುತ್ತಿದ್ದ ಸರಪಳಿ ಮರುದಿನ ಬೆಳಿಗ್ಗೆ ಹತ್ತಾದರೂ ಮುಗಿಯಲಿಲ್ಲ. ಶಾಖೆಗಳ ಮುಂದೆ ಪಾಸ್‌ಬುಕ್ ಹಿಡಿದ ಪಿಂಚಣಿದಾರರು ಕಾದು ನಿಂತಿದ್ದರು. ಮೆಮೊರಿ ಹೆಚ್ಚಿಸಿ ಎಂದರು ಸರಬರಾಜುದಾರರು. ಹೆಚ್ಚಿಸಿದೆವು, ಫಲ ಶೂನ್ಯ. ತಂತ್ರಾಂಶದವರು ಯಂತ್ರದತ್ತ, ಯಂತ್ರದವರು ತಂತ್ರಾಂಶದತ್ತ ಬೆರಳು ತೋರಿಸಿದರು. ಕುಣಿಯಲಾರದವಳಿಗೆ ನೆಲ ಡೊಂಕು.

ಕೊನೆಗೆ ದಾರಿ ತೋರಿದ್ದು ಒಂದು ಹಳೆಯ ನೋಟ್‌ಬುಕ್. ಅಷ್ಟರಲ್ಲಿ ನಿವೃತ್ತರಾಗಿದ್ದ ಹಿರಿಯ ಆಪರೇಟರೊಬ್ಬರು ಪ್ರತಿ ರಾತ್ರಿ ಯಾವ ಕೆಲಸ ಎಷ್ಟು ಗಂಟೆಗೆ ಆರಂಭವಾಗಿ ಎಷ್ಟಕ್ಕೆ ಮುಗಿಯಿತೆಂದು ಬರೆದಿಡುತ್ತಿದ್ದರು. ಹೊಸ ಯಂತ್ರದ ದಾಖಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ಅಚ್ಚರಿಯಾಯಿತು. ಬಹುಪಾಲು ಕೆಲಸಗಳು ಮೊದಲಿಗಿಂತ ಬೇಗ ಮುಗಿದಿದ್ದವು. ರಾತ್ರಿಯನ್ನೆಲ್ಲ ನುಂಗಿದ್ದು ಎರಡು ಮಾತ್ರ.

ಮೊದಲನೆಯದು ಬಡ್ಡಿಯ ಜಮೆ. ಪ್ರತಿ ಖಾತೆಯ ನಂತರವೂ ಪ್ರೋಗ್ರಾಂ, ಬರೆದದ್ದು ಡಿಸ್ಕ್‌ನಲ್ಲಿ ಭದ್ರವಾಯಿತೆಂಬ ಖಾತರಿಗಾಗಿ ಕಾಯುತ್ತಿತ್ತು. ಮೊದಲು ಯಂತ್ರದೊಳಗೇ ಇದ್ದ ಡಿಸ್ಕ್ ಈಗ ಜಾಲದ ಆಚೆ ತುದಿಯಲ್ಲಿತ್ತು. ಲೆಕ್ಕ ಸರಳ: 20 ಲಕ್ಷ ಖಾತೆಗಳಿಗೆ ತಲಾ ಒಂದು ಮಿಲಿಸೆಕೆಂಡ್ ಕಾದರೆ 33 ನಿಮಿಷ, ಅದೇ ನಾಲ್ಕು ಮಿಲಿಸೆಕೆಂಡ್ ಆದರೆ ಎರಡು ಗಂಟೆ 13 ನಿಮಿಷ. ಖಾತೆಯೊಂದಕ್ಕೆ ಇಂಥ ಕಾಯುವಿಕೆ ಎರಡು ಬಾರಿಯಾದರೆ ಸುಮಾರು ನಾಲ್ಕೂವರೆ ಗಂಟೆ. ಹೊಸ ಸರ್ವರಿನಲ್ಲಿ ಪ್ರೊಸೆಸರ್‌ಗಳು ಹೆಚ್ಚಿದ್ದುದರಿಂದ ಪ್ರಯೋಜನವಾಗಲಿಲ್ಲ. ಹದಿನಾರು ಕೌಂಟರ್ ತೆರೆದು ಎಲ್ಲರನ್ನೂ ಒಂದೇ ಕೌಂಟರಿಗೆ ಕಳುಹಿಸಿದರೆ ಸಾಲು ಕರಗೀತೆ? ಎರಡನೆಯದು ದತ್ತಾಂಶದ ಕೋಷ್ಟಕಗಳ ಅಂಕಿಅಂಶ. ಸ್ಥಳಾಂತರದ ನಂತರ ಅದನ್ನು ನವೀಕರಿಸಿರಲಿಲ್ಲ. ಹೀಗಾಗಿ ಡೇಟಾಬೇಸ್, ಪದಸೂಚಿಯಿರುವ ಪುಸ್ತಕವನ್ನು ಪ್ರತಿ ಬಾರಿಯೂ ಮೊದಲ ಪುಟದಿಂದ ಓದುವವನಂತೆ ವರ್ತಿಸುತ್ತಿತ್ತು. ಸಾವಿರ ಖಾತೆಗಳಿಗೊಮ್ಮೆ ಖಾತರಿ ಪಡೆಯುವಂತೆ ಬದಲಿಸಿದೆವು, ಅಂಕಿಅಂಶ ನವೀಕರಿಸಿದೆವು. ಸರಪಳಿ ಎರಡೂವರೆ ಗಂಟೆಗಳಲ್ಲಿ ಮುಗಿಯತೊಡಗಿತು. ಹಣ ಕೊಟ್ಟು ತಂದ ಮೆಮೊರಿ ಸುಮ್ಮನೆ ಕುಳಿತಿತ್ತು.

ನಮ್ಮದು ಸಣ್ಣ ಪ್ರಕರಣ. ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಸಮೂಹದಲ್ಲಿ 2012ರ ಜೂನ್ 17ರಂದು ಬ್ಯಾಚ್ ಕೆಲಸಗಳ ಸರದಿ ನಿರ್ವಹಿಸುವ ತಂತ್ರಾಂಶವನ್ನು ಮೇಲ್ದರ್ಜೆಗೇರಿಸಲಾಯಿತು. ತೊಂದರೆ ಕಂಡಾಗ, ಪರಿಣಾಮವನ್ನು ಮೊದಲು ಪರೀಕ್ಷಿಸದೆ ಹೊಸದನ್ನು ಕಿತ್ತುಹಾಕಿದರು. ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆಯಿರಲಿಲ್ಲ. ಕನಿಷ್ಠ 65 ಲಕ್ಷ ಗ್ರಾಹಕರು ತೊಂದರೆಗೊಳಗಾದರು. ಸಮೂಹದ ಅಲ್‌ಸ್ಟರ್ ಬ್ಯಾಂಕ್ ಚೇತರಿಸಿಕೊಳ್ಳಲು ಜುಲೈ 10 ಆಯಿತು. 2014ರ ನವೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ಸಮೂಹಕ್ಕೆ ಒಟ್ಟು 5.6 ಕೋಟಿ ಪೌಂಡ್ ದಂಡ ವಿಧಿಸಿದರು. 2018ರಲ್ಲಿ ಟಿಎಸ್‌ಬಿ ಬ್ಯಾಂಕಿನ ವ್ಯವಸ್ಥೆಯ ಸ್ಥಳಾಂತರ ಎಡವಿತು. ಆಗ ದಂಡ ತೆತ್ತದ್ದು ಬ್ಯಾಂಕ್ ಮಾತ್ರವಲ್ಲ. ಅದರ ಅಂದಿನ ಮಾಹಿತಿ ತಂತ್ರಜ್ಞಾನ ಮುಖ್ಯಸ್ಥರಿಗೂ 2023ರಲ್ಲಿ ವೈಯಕ್ತಿಕವಾಗಿ ದಂಡ ಬಿತ್ತು.

ನಮ್ಮಲ್ಲಿ ಈ ಅಪಾಯ ಕಡಿಮೆಯಾಗಿಲ್ಲ, ಬೆಳೆದಿದೆ. 2019ರ ಡಿಸೆಂಬರ್ 16ರಿಂದ ನೆಫ್ಟ್ ಹಗಲಿರುಳೂ ನಡೆಯುತ್ತಿದೆ. ಯುಪಿಐಗೆ ನಿದ್ರೆಯೇ ಇಲ್ಲ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳೂ ಬ್ಯಾಚ್ ಬಿಟ್ಟು ನಿರಂತರ ತೀರುವಳಿಯ ಹಾದಿ ಹಿಡಿದಿವೆ. ಗ್ರಾಹಕರಿಗೆ ಇದೆಲ್ಲ ಅನುಕೂಲವೇ. ಆದರೆ ಬ್ಯಾಚ್ ಕೆಲಸಕ್ಕೆಂದು ಮೀಸಲಾಗಿದ್ದ ನಿಶ್ಶಬ್ದ ರಾತ್ರಿ ಈಗ ಉಳಿದಿಲ್ಲ. ಬಡ್ಡಿಯ ಲೆಕ್ಕವೂ ಯುಪಿಐ ಪಾವತಿಯೂ ಒಂದೇ ಹೊತ್ತಿನಲ್ಲಿ ಒಂದೇ ಖಾತೆಯನ್ನು ತಟ್ಟುತ್ತವೆ. ಮುನ್ನ ಒಂದು ಗಂಟೆಯ ವಿಳಂಬವನ್ನು ರಾತ್ರಿಯೇ ನುಂಗಿಕೊಳ್ಳುತ್ತಿತ್ತು. ಇಂದು ಅದು ನೇರವಾಗಿ ಗ್ರಾಹಕನಿಗೆ ತಾಗುತ್ತದೆ.

ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ಮಾಹಿತಿ ತಂತ್ರಜ್ಞಾನ ಆಡಳಿತದ ನಿರ್ದೇಶನದಲ್ಲಿ ಸಾಮರ್ಥ್ಯ ನಿರ್ವಹಣೆ, ಬದಲಾವಣೆ ನಿರ್ವಹಣೆಗಳ ಮಾತಿದೆ. ಅದು ಸ್ವಾಗತಾರ್ಹ. ಆದರೆ ನಿರ್ದೇಶನ ಕಡತದಲ್ಲಿ ಉಳಿದರೆ ಸಾಲದು. ಸಾರ್ವಜನಿಕರ ಹಣ ಮತ್ತು ದಾಖಲೆ ಕಾಯುವ ಯಾವುದೇ ಸಂಸ್ಥೆ, ಬ್ಯಾಂಕಾಗಲಿ ಸರ್ಕಾರವಾಗಲಿ, ಹೊಸ ಸರ್ವರಿಗೆ ಟೆಂಡರ್ ಕರೆಯುವ ಮುನ್ನ ಹಳೆಯದರ ಪ್ರತಿ ಕೆಲಸದ ಅವಧಿಯನ್ನು ಅಳೆದು ದಾಖಲಿಸಬೇಕು. ತಿಂಗಳ ಕೊನೆಯ ಪೂರ್ಣ ಹೊರೆಯೊಂದಿಗೆ ತಾಲೀಮು ನಡೆಸಬೇಕು. ಹಿಂದಿರುಗುವ ದಾರಿಯನ್ನೂ ಪರೀಕ್ಷಿಸಿರಬೇಕು. ಇದಕ್ಕೆಲ್ಲ ಉತ್ತರದಾಯಿಯಾದ ಒಬ್ಬ ಅಧಿಕಾರಿಯ ಹೆಸರು ಕಡತದಲ್ಲಿರಬೇಕು.

ನಮ್ಮ ಸಂಸ್ಥೆಗಳು ಯಂತ್ರಕ್ಕೆ ಕೋಟಿಗಳನ್ನು ಮಂಜೂರು ಮಾಡುತ್ತವೆ. ತಾಲೀಮಿನ ಎರಡು ವಾರಗಳನ್ನು ಮಾತ್ರ ದಂಡದ ಖರ್ಚೆಂದು ಕಡಿಯುತ್ತವೆ. ಅನುಭವಿ ಆಪರೇಟರ್ ನಿವೃತ್ತರಾದಾಗ ಹಾರ ಹಾಕಿ ಕಳುಹಿಸುತ್ತವೆ, ಅವರ ನೋಟ್‌ಬುಕ್ ಎಲ್ಲಿದೆಯೆಂದು ಕೇಳುವುದಿಲ್ಲ. ನಮಗೆ ಅದು ಸಿಕ್ಕಿದ್ದು ಅದೃಷ್ಟ. ಪಿಂಚಣಿದಾರರ ಮೊದಲ ತಾರೀಖು ಅಂಥ ಅದೃಷ್ಟವನ್ನು ನೆಚ್ಚಿಕೊಂಡಿರಬಾರದು.