ನುಡಿಯ ವಂಶ, ಮೈಯ ಬಣ್ಣ

ಬಾಣಾವರದಲ್ಲಿ ಒಂದು ದಿನ ಭಾಷಾವಂಶಗಳನ್ನು ಕುರಿತು ಪಾಠ ಹೇಳುತ್ತಿದ್ದೆ. ಕನ್ನಡ, ತಮಿಳು, ತುಳುಗಳು ದ್ರಾವಿಡವರ್ಗಕ್ಕೆ ಸೇರಿದುವು; ಮರಾಠಿ, ಗುಜರಾತಿಗಳು ಆರ್ಯವರ್ಗಕ್ಕೆ ಎನ್ನುವಷ್ಟರಲ್ಲಿ ವಿದ್ಯಾರ್ಥಿಯೊಬ್ಬ ಎದ್ದು, “ಆರ್ಯರೆಂದರೆ ಎತ್ತರದ ಬಿಳಿಯ ಜನ, ದ್ರಾವಿಡರು ಕುಳ್ಳರು, ಕಪ್ಪಗಿನವರು, ಅಲ್ಲವೆ ಸಾರ್?” ಎಂದ. ತರಗತಿ ತಲೆದೂಗಿತು. ಅವನನ್ನು ಗದರಿಸಲು ನನಗೆ ನಾಲಗೆ ಏಳಲಿಲ್ಲ. ಹುಡುಗನಾಗಿದ್ದಾಗ ಇದನ್ನೇ ಬರೆದು ಅಂಕ ಗಳಿಸಿದವನು ನಾನು.

1816ರಲ್ಲಿ ಎಲ್ಲಿಸನೂ 1856ರಲ್ಲಿ ಕಾಲ್ಡ್‌ವೆಲ್ಲನೂ ಧಾತು, ಪ್ರತ್ಯಯಗಳನ್ನು ತೂಗಿನೋಡಿ ದಕ್ಷಿಣದ ನುಡಿಗಳ ನಂಟನ್ನು ತೋರಿಸಿದರು. ವ್ಯಾಕರಣದ ಆ ನಂಟು ರಕ್ತದ ನಂಟಾಗಿ, ಮೂಗಿನ ಅಳತೆಯಾಗಿ ಶಾಲೆಯ ಪಾಠಕ್ಕೆ ಇಳಿದುಬಂದಿತು. ಆರ್ಯ ಎಂಬ ಮಾತನ್ನು ಪ್ರಚಾರಕ್ಕೆ ತಂದವರಲ್ಲಿ ಒಬ್ಬನಾದ ಮ್ಯಾಕ್ಸ್ ಮುಲ್ಲರನೇ, ಅದು ನುಡಿಗೆ ಸಲ್ಲುವುದೇ ಹೊರತು ರಕ್ತಕ್ಕಲ್ಲವೆಂದು 1888ರಲ್ಲಿ ಎಚ್ಚರಿಸಿದ. ಆ ಎಚ್ಚರಿಕೆ ಮಾತ್ರ ನಮ್ಮ ನೋಟ್ಸುಗಳವರೆಗೆ ಬಂದು ಮುಟ್ಟಲಿಲ್ಲ.

ಈ ಸಮೀಕರಣ ಎಷ್ಟು ಪೊಳ್ಳೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ನೆರೆಯ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಅವರ ಮನೆಮಾತು ವಾಗ್ರಿ. ಗುಜರಾತಿಗೆ ಹತ್ತಿರದ, ಶುದ್ಧಾಂಗವಾಗಿ ಆರ್ಯವರ್ಗದ ನುಡಿ. ಪಾಠದ ಲೆಕ್ಕದಲ್ಲಿ ಅವರೇ ಆರ್ಯರು. ಕನ್ನಡವನ್ನಾಡುವ ನಾವು, ನಮ್ಮ ಅಗ್ರಹಾರದವರೂ ಸೇರಿ, ದ್ರಾವಿಡರು! ಆದರೆ ಊರ ಕಣ್ಣಿಗೆ ಅವರು ಹಕ್ಕಿ ಹಿಡಿಯುವ ಕಾಡುಜನ. ಸರ್ಕಾರದ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ. ವಾಗ್ರಿಯನ್ನಾಡುವ ಮಗು ಶಾಲೆಯ ಹೊಸ್ತಿಲು ದಾಟಿದೊಡನೆ ತನ್ನ ನುಡಿಯನ್ನು ಹೊರಗೆ ಬಿಟ್ಟುಬರಬೇಕು. ಅದರ ಹೆಸರನ್ನಾದರೂ ಬಲ್ಲ ಉಪಾಧ್ಯಾಯರು ಎಷ್ಟು ಮಂದಿ?

ಬಲ್ಲವರು ಯಾರೆಂಬುದೂ ಇಲ್ಲಿ ತಲೆಕೆಳಗಾಗುತ್ತದೆ. ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಹೊತ್ತು ಈ ಜನ ಆಫ್ರಿಕದ ದೇಶಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಕಾಳಗ ಹೊತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ಆಫ್ರಿಕವನ್ನು ‘ಕಗ್ಗತ್ತಲೆಯ ಖಂಡ’ವೆಂದು ಬಣ್ಣಿಸುವ, ಅರಸೀಕೆರೆ ಜಂಕ್ಷನ್ನಿನಿಂದಾಚೆಗೆ ಹೆಚ್ಚು ತಿರುಗದ ನನ್ನಂಥ ಉಪಾಧ್ಯಾಯನ ಎದುರು, ತಂದೆಯ ಬಾಯಿಂದ ಅಲ್ಲಿಯ ಪೇಟೆಯ ಸುದ್ದಿ ಕೇಳಿದ ಹುಡುಗಿ ಮೌನವಾಗಿ ಕುಳಿತಿರಬಹುದು. ಯಲ್ಲಾಪುರ, ಹಳಿಯಾಳಗಳ ಶಾಲೆಯಲ್ಲಾದರೆ ಆ ಬಣ್ಣನೆಯನ್ನು ಆಫ್ರಿಕ ಮೂಲದ ಸಿದ್ದಿಗಳ ಮಗುವೇ ಕೇಳಬೇಕು. ಅದರ ಹಿರಿಯರನ್ನು ದಾಸರಾಗಿ ಹಡಗೇರಿಸಿ ತಂದ ಕಥೆಗೆ ನಮ್ಮ ಪಾಠಗಳಲ್ಲಿ ಎಷ್ಟು ಎಡೆಯಿದೆ?

ಭಾಷಾವಂಶ ಬೇರೆ, ಜನಾಂಗ ಬೇರೆ ಎಂಬ ಒಂದು ವಾಕ್ಯವನ್ನು ಉಪಾಧ್ಯಾಯರ ತರಬೇತಿಯಲ್ಲೇ ಹೇಳಿಕೊಟ್ಟರೆ ಖರ್ಚೇನೂ ಇಲ್ಲ. ವಾಗ್ರಿಯ ಹತ್ತು ಮಾತುಗಳನ್ನು ಕನ್ನಡ, ಗುಜರಾತಿಗಳ ಪಕ್ಕದಲ್ಲಿ ಹಲಗೆಯ ಮೇಲೆ ಬರೆದರೆ ಭಾಷಾಶಾಸ್ತ್ರದ ಪಾಠವೂ ಕಳೆಗಟ್ಟೀತು.

ಇದನ್ನೆಲ್ಲ ಕೇಳಿದ ಮೇಲೆ ಅದೇ ವಿದ್ಯಾರ್ಥಿ ಕೇಳಿದ: “ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ ಸಾರ್?” ಈಗ ಕೇಳಿದ್ದನ್ನೇ ಬರೆ ಎಂದೆ. ಅವನ ಉತ್ತರಪತ್ರಿಕೆ ಯಾರ ಕೈಗೆ ಹೋಗುವುದೋ ಎಂಬ ಅಳುಕು ಮಾತ್ರ ನನಗಿನ್ನೂ ಇದೆ.