ಹೊಸ ತಿಂಡಿಗೆ ಊರಿನ ಹೂರಣ

ಟೋಕಿಯೊ ನಗರದ ‘ಕಿಮುರಾಯ’ ಬೇಕರಿ 1869ರಲ್ಲಿ ಸ್ಥಾಪನೆಯಾದುದು. ಅಂದಿನ ಜಪಾನೀಯರಿಗೆ ಬ್ರೆಡ್ಡು ಪರದೇಶದ ತಿನಿಸು. ಸ್ಥಾಪಕರಾದ ಯಾಸುಬೆ ಕಿಮುರಾ ಅವರು ಅಕ್ಕಿಯಿಂದ ಪಡೆದ ದೇಶೀಯ ಹುದುಗಿನಿಂದ ಹಿಟ್ಟನ್ನು ಉಬ್ಬಿಸಿ, ನಮ್ಮ ಹೋಳಿಗೆಯ ಹೂರಣದಂತಹ ಕಾಳಿನ ಸಿಹಿಯನ್ನು ಅದರೊಳಗೆ ತುಂಬಿದರು. 1874ರಲ್ಲಿ ಹೀಗೆ ಹುಟ್ಟಿದ ‘ಅನ್‌ಪಾನ್’ ಬನ್ನು ಮರುವರ್ಷ ಚಕ್ರವರ್ತಿ ಮೇಜಿಯವರಿಗೂ ಅರ್ಪಿತವಾಯಿತು. ಒಂದೂವರೆ ಶತಮಾನ ಕಳೆದರೂ ಗಿರಾಕಿಗಳು ಆ ಹಳೆಯ ರುಚಿಯನ್ನೇ ಅರಸಿ ಬರುತ್ತಾರೆ.

ಊರಿನ ಹೆಸರೇ ರುಚಿಯ ಮುದ್ರೆಯಾಗಬಲ್ಲುದೆಂಬುದನ್ನು ಮುಳಬಾಗಿಲು ದೋಸೆ ನಮಗೂ ತೋರಿಸಿದೆ. ಶ್ರೀನಿವಾಸಪುರದ ಮಾವಾದರೋ ಬಹುಪಾಲು ಕಚ್ಚಾ ಸರಕಾಗಿಯೇ ಗಡಿ ದಾಟುತ್ತಿದೆ. 2025ರ ಜೂನ್‌ನಲ್ಲಿ ನೆರೆಯ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ಪ್ರವೇಶ ನಿರ್ಬಂಧಿಸಿದಾಗ, ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನೆಚ್ಚಿದ್ದ ನಮ್ಮ ಬೆಳೆಗಾರರೂ ಮಂಡಿ ವರ್ತಕರೂ ಕಂಗೆಟ್ಟರು.

ಒಂದು ಬನ್ನಿನಿಂದ ಸುಗ್ಗಿಯ ಫಸಲೆಲ್ಲ ಕರಗದು, ನಿಜ. ಆದರೆ ವರ್ತಕರು ಒಡಗೂಡಿ ಜಿಲ್ಲೆಯಲ್ಲಿಯೇ ತಿರುಳಿನ ಘಟಕಗಳನ್ನು ಹೆಚ್ಚಿಸಿ, ಕೋಲಾರ, ಮಾಲೂರುಗಳ ಬೇಕರಿಗಳು ವರ್ಷವಿಡೀ ಖರೀದಿಗೆ ಒಪ್ಪಿದರೆ ಬೆಲೆಗೊಂದು ಆಸರೆಯಾದೀತು. ಬೇಕರಿಯವರಿಗೂ ಬೇರೆಡೆ ದೊರೆಯದ ಸರಕೊಂದು ಕೈಸೇರೀತು. ಮುಂದಿನ ಸುಗ್ಗಿಗೆ ಮುನ್ನವೇ ಉಭಯ ವರ್ಗದವರೂ ಒಂದೆಡೆ ಕುಳಿತು ಈ ಕುರಿತು ಸಮಾಲೋಚಿಸುವುದು ಅಗತ್ಯ.