ಅತಿಚಾರಗಳ ಪಟ್ಟಿ ಯಾರಿಗಾಗಿ?

ಧರ್ಮಬಂಧುಗಳಾದ ಶ್ರಾವಕ-ಶ್ರಾವಿಕೆಯರಲ್ಲಿಯೂ ಬಸದಿಗಳ ಆಡಳಿತ ಹೊತ್ತ ಟ್ರಸ್ಟಿಗಳಲ್ಲಿಯೂ ಒಂದು ಬಿನ್ನಹ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಮಾಜದ ಸಭೆಗಳಲ್ಲಿ ನಿರ್ಣಯಗಳಿಗೆ ಬರವಿಲ್ಲ. ಮಂತ್ರಿಗಳಿಗೊಂದು ಮನವಿ, ಜಿಲ್ಲಾಧಿಕಾರಿಗಳಿಗೊಂದು ಮನವಿ. ಅಹಿಂಸೆಯನ್ನು ರಾಜ್ಯ ಪಾಲಿಸಬೇಕು, ನೆರೆಯವರು ಪಾಲಿಸಬೇಕು, ಶಾಲೆಯ ಮಕ್ಕಳು ಪಾಲಿಸಬೇಕು ಎಂಬುದೇ ಇವುಗಳ ಸಾರ. ಶ್ರಾವಕನು ತನ್ನ ಮನೆಯಲ್ಲಿಯೂ ಅಂಗಡಿಯಲ್ಲಿಯೂ ಪಾಲಿಸಬೇಕಾದುದೇನು ಎಂಬ ನಿರ್ಣಯವನ್ನು ಮಾತ್ರ ಯಾವ ಸಭೆಯಲ್ಲಿಯೂ ನಾನು ಕೇಳಿದ್ದಿಲ್ಲ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ದಶಲಕ್ಷಣ ಪರ್ವದ ಏಳನೆಯ ದಿನ ಈ ಅಧ್ಯಾಯದ ವಿವರಣೆ ನಡೆಯುತ್ತದೆ. ನಾವು ಭಕ್ತಿಯಿಂದ ಕೇಳುತ್ತೇವೆ. ಅರ್ಘ್ಯ ಏರಿಸಿ ಮನೆಗೆ ಹೋಗುತ್ತೇವೆ. ಆದರೆ ತೂಕ, ಅಳತೆ, ಠೇವಣಿ, ಹೊರೆ, ಅನ್ನ ಎಂಬ ಶಬ್ದಗಳು ತುಂಬಿರುವ ಆ ಪಟ್ಟಿ ಯಾರನ್ನು ಉದ್ದೇಶಿಸಿದ್ದು? ಪಿಂಛಿ-ಕಮಂಡಲುಗಳನ್ನು ಮಾತ್ರ ಇಟ್ಟುಕೊಂಡ ಮುನಿಗಳಿಗೆ ತಕ್ಕಡಿಯ ಹಂಗಿಲ್ಲ. ಆ ಪಟ್ಟಿಯು ಗೃಹಸ್ಥನಿಗಾಗಿ, ಅದರಲ್ಲಿಯೂ ವಿಶೇಷವಾಗಿ ವರ್ತಕನಿಗಾಗಿ ಬರೆದುದೆಂಬುದು ನಿರ್ವಿವಾದ.

ಮೊದಲು ಅಹಿಂಸಾಣುವ್ರತವನ್ನು ನೋಡೋಣ. ಬಂಧ, ವಧ, ಛೇದಗಳೆಂದರೆ ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು. ಇವು ಮೂರೂ ನಮ್ಮ ಮನೆಗಳಲ್ಲಿ ಇಲ್ಲವೆಂದು ಹೇಳಿಕೊಳ್ಳಬಹುದು. ಉಳಿದ ಎರಡು, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಮಿತಿಮೀರಿದ ಹೊರೆ ಹೊರಿಸುವುದು, ಅನ್ನನೀರಿಗೆ ಅಡ್ಡಿಮಾಡುವುದು.

ಹೆಬ್ಬೆಯ ಸುತ್ತಣ ತೋಟಗಳ ಕಾಫಿ, ಮೆಣಸಿನ ವ್ಯಾಪಾರದಲ್ಲಿ ನಾಲ್ಕು ದಶಕ ಕಳೆದ ನನಗೆ ಈ ಎರಡು ಶಬ್ದಗಳಿಗೆ ಟೀಕಾಗ್ರಂಥ ಬೇಕಾಗಿಲ್ಲ. ಐವತ್ತು ಕಿಲೋ ಚೀಲವನ್ನು ಬೆನ್ನ ಮೇಲೆ ಹೊತ್ತು ದಿನವಿಡೀ ಲಾರಿಗೆ ಏರಿಸುವ ಹಮಾಲಿಯೂ, ಕೊಯ್ಲಿನ ತಿಂಗಳುಗಳಲ್ಲಿ ಅಸ್ಸಾಂ, ಜಾರ್ಖಂಡಗಳಿಂದ ಬಂದು ತೋಟದ ಲೈನು ಮನೆಗಳಲ್ಲಿ ತಂಗುವ ಕೂಲಿಯೂ ಈ ಅತಿಚಾರದ ಜೀವಂತ ಭಾಷ್ಯವಾಗಿದ್ದಾರೆ. ಅಷ್ಟು ದೂರವೇಕೆ? ನಮ್ಮ ಅಡುಗೆಮನೆಯನ್ನೇ ನೋಡೋಣ. ಹಳ್ಳದ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ತಿರುಗಿ ಅದೇ ನೀರಿಗೆ ಬಿಡುವ ಎಚ್ಚರ ನಮ್ಮ ಹೆಂಗಳೆಯರಲ್ಲಿ ಇಂದಿಗೂ ಇದೆ. ಕಣ್ಣಿಗೆ ಕಾಣದ ಜೀವಕ್ಕೆ ಇಷ್ಟು ದಯೆ! ಆದರೆ ಕಣ್ಣೆದುರಿಗೇ ಪಾತ್ರೆ ಬೆಳಗುವ ಹೆಣ್ಣುಮಗಳಿಗೆ ಬೇರೆ ಲೋಟ, ಬೇರೆ ತಟ್ಟೆ, ಹಿಂದಿನ ದಿನದ ಅನ್ನ. ಸೂರ್ಯಾಸ್ತಕ್ಕೆ ಮೊದಲು ನಾವು ಊಟ ಮುಗಿಸುವ ವ್ರತ ನೆರವೇರುವುದು ಆಕೆಯ ಅವಸರದ ದುಡಿಮೆಯಿಂದ. ನಮ್ಮ ಅನಸ್ತಮಿತ ವ್ರತ ಮುಗಿದ ಬಳಿಕ ಆಕೆ ಕತ್ತಲಲ್ಲಿ ತನ್ನ ಮನೆಗೆ ನಡೆದು, ರಾತ್ರಿ ಒಲೆ ಹಚ್ಚಿ ಮಕ್ಕಳಿಗೆ ಬೇಯಿಸುತ್ತಾಳೆ. ವ್ರತದ ಪುಣ್ಯ ನಮ್ಮ ಜಮೆಗೆ, ಅದರ ಹೊರೆ ಆಕೆಯ ಬೆನ್ನಿಗೆ! ಇದು ಯಾವ ಲೆಕ್ಕಶಾಸ್ತ್ರ?

ಇದೇ ಅನ್ನಪಾನನಿರೋಧದ ಬೆಳಕಿನಲ್ಲಿ ಶಾಲೆಯ ಮೊಟ್ಟೆಯ ವಿವಾದವನ್ನೂ ಪರಿಶೀಲಿಸಬೇಕಾಗಿದೆ. 2021ರಲ್ಲಿ ರಾಜ್ಯ ಸರ್ಕಾರವು ಅಪೌಷ್ಟಿಕತೆ ಹೆಚ್ಚಾಗಿರುವ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಟ್ಟಿತು. ಮುಂದೆ ಯೋಜನೆ ರಾಜ್ಯವನ್ನೆಲ್ಲ ವ್ಯಾಪಿಸಿ, 2024ರಲ್ಲಿ ವಾರಕ್ಕೆ ಆರು ದಿನಗಳಿಗೆ ಏರಿತು. ನಾನು ಮೊಟ್ಟೆ ತಿಂದವನಲ್ಲ, ನನ್ನ ಮೊಮ್ಮಕ್ಕಳೂ ತಿನ್ನುವುದಿಲ್ಲ. ನಮ್ಮ ಮಗುವಿನ ತಟ್ಟೆಗೆ ಬಲಾತ್ಕಾರವಾಗಿ ಬಿದ್ದರೆ ಪ್ರತಿಭಟಿಸುವವರಲ್ಲಿ ನಾನೇ ಮೊದಲಿಗನಾಗುವೆನು. ಆದರೆ ಹಸಿದ ಕೂಲಿಯವನ ಮಗುವಿನ ತಟ್ಟೆಯಿಂದ ಅದನ್ನು ತೆಗೆಸಿರೆಂದು ಮನವಿ ಬರೆಯುವ ಮುನ್ನ, ಅದರ ಸ್ಥಾನದಲ್ಲಿ ನಾವು ಇಟ್ಟುದೇನು? ಸರ್ಕಾರವು 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯವನ್ನಾದರೂ ತಂದಿತು. ಪಂಚಕಲ್ಯಾಣಕ್ಕೆ ಲಕ್ಷಲಕ್ಷ ಸಂಗ್ರಹಿಸುವ ನಮ್ಮ ಟ್ರಸ್ಟುಗಳಲ್ಲಿ ಎಷ್ಟು ಟ್ರಸ್ಟುಗಳು ಒಂದು ಶಾಲೆಗಾದರೂ ವರ್ಷವಿಡೀ ಶೇಂಗಾ, ಬೆಲ್ಲ, ಕಾಳು, ಹಾಲು ಒದಗಿಸಿವೆ? ಕೊಡದೆ ತಡೆಯುವುದಕ್ಕೆ ಶಾಸ್ತ್ರದಲ್ಲಿ ಒಂದು ಹೆಸರಿದೆ. ಆ ಹೆಸರನ್ನು ಮೇಲೆಯೇ ಬರೆದಿದ್ದೇನೆ.

ಎರಡನೆಯದು ಸತ್ಯಾಣುವ್ರತ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸುಳ್ಳು ಬೋಧನೆ, ಗುಟ್ಟು ಬಯಲುಮಾಡುವುದು, ಖೊಟ್ಟಿ ಬರಹ, ಇಟ್ಟ ಠೇವಣಿಯ ಅಪಹರಣ, ಅನ್ಯರ ಮುಖಭಾವದಿಂದ ಒಳಗುಟ್ಟನ್ನು ಊಹಿಸಿ ಹರಡುವುದು. ಈ ಐದರಲ್ಲಿ ನಾಲ್ಕು ಇಂದು ನಮ್ಮ ಅಂಗೈಯ ಮೊಬೈಲಿನಲ್ಲಿಯೇ ವಾಸವಾಗಿವೆ. ಬೆಳಗಿನ ಸಾಮಾಯಿಕ ಮುಗಿಸಿ ಎದ್ದ ಶ್ರಾವಕನು ಮೊದಲು ಮಾಡುವ ಕಾರ್ಯ ಯಾವುದು? ಯಾರೋ ಕಟ್ಟಿದ ಚಿತ್ರ, ಯಾವನೋ ಹೇಳದ ಮಾತು, ಯಾವುದೋ ಕೋಮಿನ ಮೇಲೆ ವಿಷ ಕಾರುವ ಬರಹ, ಇವುಗಳನ್ನು ಓದಿಯೂ ಓದದೆ ಐವತ್ತು ಜನರಿಗೆ ದಾಟಿಸುವುದು. ರಾತ್ರಿಭೋಜನ ತ್ಯಜಿಸಿದ ಮನೆಯಲ್ಲಿ ರಾತ್ರಿಯೆಲ್ಲ ದೂರದರ್ಶನದ ಕೂಗಾಟ. ಮಕ್ಕಳೆದುರಿಗೆ ಒಂದು ಪಕ್ಷದವರು ದೇವರು, ಇನ್ನೊಂದು ಪಕ್ಷದವರು ರಾಕ್ಷಸರು. ಅನೇಕಾಂತವಾದವನ್ನು ಜಗತ್ತಿಗೆ ಕೊಟ್ಟೆವೆಂದು ವೇದಿಕೆಯಲ್ಲಿ ಹೆಮ್ಮೆಪಡುವವರು, ಊಟದ ಮನೆಯಲ್ಲಿ ಮಗನ ಭಿನ್ನಮತವನ್ನು ಎರಡು ನಿಮಿಷ ಕೇಳಲಾರರು. ಯಾವ ಪಕ್ಷಕ್ಕೆ ಮತ ನೀಡಬೇಕೆಂದು ನಾನು ಹೇಳಹೊರಟಿಲ್ಲ. ಯಾವ ಪಕ್ಷಕ್ಕಾಗಿಯೂ ಸುಳ್ಳನ್ನು ದಾಟಿಸಬಾರದೆಂಬುದಷ್ಟೇ ನನ್ನ ಮಾತು.

ನ್ಯಾಸಾಪಹಾರದ ವಿಷಯದಲ್ಲಿ ಟ್ರಸ್ಟಿಗಳೊಡನೆ ಪ್ರತ್ಯೇಕವಾಗಿ ಮಾತನಾಡಬೇಕು. ನಂಬಿ ಇಟ್ಟ ಹಣವೇ ನ್ಯಾಸ. ಮುದುಕಿಯೊಬ್ಬಳು ಗಂಡನ ಹೆಸರಿನಲ್ಲಿ ನಿತ್ಯಾಭಿಷೇಕದ ಶಾಶ್ವತ ನಿಧಿಗೆ ಕೊಟ್ಟ ಐದು ಸಾವಿರವು, ಉತ್ಸವದ ದಿನ ರಾಜಕಾರಣಿಯ ಹಾರ, ಶಾಲು, ಬೆಳ್ಳಿಯ ಫಲಕಕ್ಕೆ ವ್ಯಯವಾದರೆ ಅದು ಏನಾಯಿತು? ಜೇಬಿಗೆ ಹಾಕಿಕೊಂಡರೆ ಮಾತ್ರ ಅಪಹರಣವೆಂದು ಭಾವಿಸುವುದು ತಪ್ಪು. ಯಾವ ಉದ್ದೇಶಕ್ಕೆ ಇಟ್ಟರೋ ಆ ಉದ್ದೇಶದಿಂದ ಸರಿಸಿದರೂ ಅಪಹರಣವೇ.

ಮೂರನೆಯದಾದ ಅಚೌರ್ಯಾಣುವ್ರತವಂತೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಬೇಕಾದ ಪಟ್ಟಿ. ಕಳವಿಗೆ ಪ್ರೇರಣೆ, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮ ಮೀರಿ ವ್ಯವಹರಿಸುವುದು, ತೂಕ-ಅಳತೆಗಳಲ್ಲಿ ಹೆಚ್ಚುಕಡಿಮೆ, ಒಂದರಂತೆ ತೋರುವ ಇನ್ನೊಂದನ್ನು ಬೆರೆಸುವುದು. 2024–25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿದಾಗ ಮಲೆನಾಡಿನ ಬೆಳೆಗಾರರು ಕಣದಲ್ಲಿ ರಾತ್ರಿ ಕಾವಲು ಕುಳಿತರು. ಗಿಡದಿಂದ, ಕಣದಿಂದ ಕದ್ದವನು ಆ ಕಾಫಿಯನ್ನು ತಾನೇ ಕುಡಿಯುವುದಿಲ್ಲ. ಮುಸ್ಸಂಜೆಯಲ್ಲಿ ಅರ್ಧ ಚೀಲ ತಂದವನನ್ನು ‘ಯಾವ ತೋಟದ್ದಪ್ಪಾ?’ ಎಂದು ಕೇಳದೆ ಕೊಳ್ಳುವ ವ್ಯಾಪಾರಿ ಇರುವವರೆಗೆ ಮಾತ್ರ ಕಳವಿಗೆ ಲಾಭವುಂಟು. ಕೇಳದಿರುವುದೂ ಒಂದು ವಿಧದ ಮಾತೇ.

ತೂಕದ ವಿಷಯವೂ ಹಾಗೆಯೇ. ಚೀಲದ ತೂಕವೆಂದು ಒಂದು ಕಿಲೋ, ತೇವಾಂಶವೆಂದು ಇನ್ನೊಂದು, ಮಾದರಿಯೆಂದು ಎರಡು ಹಿಡಿ. ಕಾಗದದಲ್ಲಿ ಎಲ್ಲಿಯೂ ಬರೆಯದ ಈ ‘ವಾಡಿಕೆ’ಗಳನ್ನು ಸಣ್ಣ ಬೆಳೆಗಾರನು ಪ್ರತಿಭಟಿಸಲಾರ. ಕಾಫಿಪುಡಿಗೆ ಚಿಕೋರಿ ಬೆರೆಸಲು ಕಾನೂನು ಅನುಮತಿ ಕೊಟ್ಟಿದೆ. ಆದರೆ ಮಿಶ್ರಣದಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಷ್ಟು ಕಾಫಿ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಹೇಳಬೇಕು. ಮೆಣಸಿಗೆ ಪಪ್ಪಾಯಿ ಬೀಜ ಸೇರಿಸುವವನು ಗಡ್ಡೆಗೆಣಸು ತ್ಯಜಿಸಿದ್ದರೆ ಬಂದ ಫಲವೇನು? 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಲ್ಲಿದೆ. ‘ಬಿಲ್ ಬೇಕೋ, ಬೇಡವೋ’ ಎಂದು ಗಿರಾಕಿಯನ್ನು ಕೇಳುವ ಅಂಗಡಿಯಲ್ಲಿ ಜಿನಬಿಂಬದ ಪಟಕ್ಕೆ ಊದುಬತ್ತಿ ಹಚ್ಚುವುದು ಶೋಭೆಯಲ್ಲ. ಆ ಹಣವೇ ಬಸದಿಯ ಸವಾಲಿನಲ್ಲಿ ಪ್ರಥಮ ಕಲಶವಾಗಿ ಸ್ವಾಮಿಯ ಮಸ್ತಕಕ್ಕೆ ಬೀಳುವುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ.

ಇಲ್ಲಿ ಕೆಲವು ಹಿರಿಯರು ಆಕ್ಷೇಪಿಸಬಹುದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನಾವು ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. ಇಂಥ ಚಿಕ್ಕ ಸಮಾಜವು ಒಗ್ಗಟ್ಟಿನಿಂದ ಸರ್ಕಾರದ ಬಾಗಿಲು ತಟ್ಟದಿದ್ದರೆ ಉಳಿಯುವುದೆಂತು ಎಂದು. ಬಾಗಿಲು ತಟ್ಟಬಾರದೆಂದು ನಾನು ಹೇಳುವುದಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದಾಗ ದೇಶದಾದ್ಯಂತ ನಮ್ಮವರು ಮೌನವಾಗಿ ಬೀದಿಗಿಳಿದರು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅದು ನ್ಯಾಯವಾದ ಹೋರಾಟ, ಏಕೆಂದರೆ ಅಲ್ಲಿ ನಾವು ಕೇಳಿದುದು ನಮ್ಮ ವ್ರತವನ್ನು ನಾವು ಪಾಲಿಸುವ ಸ್ವಾತಂತ್ರ್ಯ. ನಮ್ಮ ವ್ರತವನ್ನು ಅನ್ಯರಿಂದ ಪಾಲಿಸಿರೆಂದು ಕೇಳುವುದು ಬೇರೆಯೇ ವಿಷಯ. 2014ರ ಜನವರಿಯಲ್ಲಿ ನಮಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆಯಿತು. ಸ್ಥಾನವನ್ನು ರಾಜ್ಯ ಕೊಡಬಹುದು. ಗೌರವವನ್ನು ಕೊಡುವವರು ತಕ್ಕಡಿಯ ಆಚೆ ನಿಂತವರು. ‘ಜೈನರ ಅಂಗಡಿಯಲ್ಲಿ ತೂಕ ಸರಿಯಿರುತ್ತದೆ’ ಎಂಬ ಹಳೆಯ ಮಾತೇ ನೂರು ಮನವಿಗಳಿಗಿಂತ ದೊಡ್ಡ ರಕ್ಷಣೆ.

ಆದುದರಿಂದ ಟ್ರಸ್ಟುಗಳ ಮುಂದೆ ಮೂರು ಸೂಚನೆಗಳನ್ನು ಇಡುತ್ತೇನೆ. ಮೊದಲನೆಯದು, ಪ್ರತಿ ಬಸದಿಯೂ ಪ್ರತಿ ನಿಧಿಯ ಜಮಾ-ಖರ್ಚನ್ನು ಬೇರೆಬೇರೆಯಾಗಿ ಬರೆದು ವರ್ಷಕ್ಕೊಮ್ಮೆ ಬಾಗಿಲಲ್ಲಿ ತೂಗುಹಾಕಲಿ. ಎರಡನೆಯದು, ಶಾಲೆಯ ಊಟದ ಬಗ್ಗೆ ಮನವಿ ಕಳುಹಿಸುವ ಟ್ರಸ್ಟು ಮೊದಲು ಒಂದು ಸರ್ಕಾರಿ ಶಾಲೆಗೆ ಒಂದು ವರ್ಷ ಸಾತ್ವಿಕ ಪೌಷ್ಟಿಕ ಆಹಾರ ಒದಗಿಸಲಿ. ಮೂರನೆಯದು, ದಶಲಕ್ಷಣದ ಏಳನೆಯ ದಿನ ಪ್ರವಚನವಾದ ಮೇಲೆ ವರ್ತಕರೆಲ್ಲ ತಮ್ಮ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಿಕೊಳ್ಳಲಿ. ಪರ್ವ ಮುಗಿದು ಕ್ಷಮಾವಣಿ ಬಂದಾಗ ಮೊಬೈಲಿನ ಐನೂರು ಹೆಸರುಗಳಿಗೆ ಒಂದೇ ಸಂದೇಶ ಕಳುಹಿಸುವ ಬದಲು ಹಮಾಲಿಯನ್ನೂ, ಪಾತ್ರೆ ಬೆಳಗುವವಳನ್ನೂ ಹೆಸರು ಹಿಡಿದು ಕರೆದು, ಕೂರಿಸಿ, ನಾವು ಕುಡಿಯುವ ಲೋಟದಲ್ಲಿಯೇ ಸೋಸಿದ ನೀರು ಕೊಟ್ಟು ಕ್ಷಮೆ ಕೇಳೋಣ. ಇದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ.